ಧ್ವನಿಸುರುಳಿಯಲ್ಲಿ ಬಂದ ‘ನಿತ್ಯೋತ್ಸವ’

ನವೆಂಬರ್ ತಿಂಗಳು ಬಂತೆಂದರೆ ಠಾಣೆಯಿಂದ ಡೊಂಬಿವಲಿ, ಕಲ್ಯಾಣದವರೆಗೆ, ಅತ್ತ ನವಿ ಮುಂಬಯಿಯಲ್ಲಿ, ಕನ್ನಡ ಸಂಘವೆಂಬುದು ಇರುವ ಕಡೆಯಲ್ಲೆಲ್ಲ ತಪ್ಪದೆ ಕೇಳಿಬರುವ ಹಾಡು ಕೆ. ಎಸ್. ನಿಸಾರ್ ಅಹಮದರ ‘ನಿತ್ಯೋತ್ಸವ’. ಅದನ್ನು ಹಾಡದ ರಾಜ್ಯೋತ್ಸವವನ್ನು ನಾವಂತೂ ಕಂಡಿಲ್ಲ. ಆದರೆ ಈ ಹಾಡು ನಮ್ಮಲ್ಲಿ ಬಹುಮಂದಿಯ ಬಾಯಿಗೆ ಬಂದದ್ದು ಪುಸ್ತಕದಿಂದಲ್ಲ, ಕ್ಯಾಸೆಟ್ಟಿನಿಂದ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸ್ವರಸಂಯೋಜನೆಯಲ್ಲಿ ಬಿಡುಗಡೆಯಾದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಹೆಸರಾಗಿದೆ.

ಅದಕ್ಕೆ ಮೊದಲು ಕವಿತೆಯನ್ನು ಯಾರೂ ಹಾಡಿರಲಿಲ್ಲವೆಂದಲ್ಲ. ಪಿ. ಕಾಳಿಂಗರಾಯರು ಹಾಡಿ ನಾಡನ್ನೇ ಕುಣಿಸಿದ್ದರು. ಅವರ ಕಂಠ ಗ್ರಾಮಫೋನ್ ತಟ್ಟೆಗಳ ಮೂಲಕ ಮನೆಮನೆಗೂ ಹೋಗಿತ್ತು. ಆದರೆ ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ ಮಾತ್ರ. ಮಗ್ಗುಲಿಗೊಂದರಂತೆ ಎರಡು ಹಾಡು, ಅಷ್ಟೆ. ಲಾಂಗ್‌ಪ್ಲೇ ತಟ್ಟೆ ಬಂದಮೇಲೆ ಈ ಕಟ್ಟು ಸಡಿಲಾಯಿತಾದರೂ ಅದನ್ನು ಕೇಳುವ ಯಂತ್ರ ಕೊಳ್ಳುವುದು ಸಾಮಾನ್ಯ ಗುಮಾಸ್ತನ ಕೈಗೆ ಎಟುಕುವ ಮಾತಾಗಿರಲಿಲ್ಲ.

ಹಾಲೆಂಡಿನ ಫಿಲಿಪ್ಸ್ ಕಂಪನಿ ಪುಟ್ಟ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ಅದೇ ವರ್ಷದ ಫೆಬ್ರವರಿ 11ರಂದು ಲಂಡನ್ನಿನಲ್ಲಿ ಬೀಟಲ್ಸ್ ತಂಡದ ನಾಲ್ವರು ಹುಡುಗರು ತಮ್ಮ ಮೊದಲ ಲಾಂಗ್‌ಪ್ಲೇಯ ಹತ್ತು ಹಾಡುಗಳನ್ನು ಒಂದೇ ದಿನದಲ್ಲಿ ಹಾಡಿ ಮುಗಿಸಿದ್ದರು. ಅಲ್ಲಿ ಹಾಡುಗಾರರ ಮೊದಲ ತಟ್ಟೆ ಎಂದರೆ ಅವರ ಹುಟ್ಟುಹಬ್ಬವೇ. ತಂಡದ ಹೆಸರೇ ಎಲ್ಲಕ್ಕೂ ಮುಂದು. ನಮ್ಮಲ್ಲಿ ನಡೆದದ್ದು ಬೇರೆ. ಈ ಧ್ವನಿಸುರುಳಿಯ ಮೇಲೆ ನಿಂತ ಹೆಸರು ಒಂದು ಕವನಸಂಕಲನದ್ದು. 1976ರಲ್ಲಿ ಅಚ್ಚಾದ ಪುಸ್ತಕದ ಹೆಸರನ್ನೇ ಎರಡು ವರ್ಷಗಳ ತರುವಾಯ ಕ್ಯಾಸೆಟ್ಟು ಹೊತ್ತುಕೊಂಡಿತು. ಕವಿಯನ್ನು ಮುಂದಿಟ್ಟು ಸಂಗೀತ ಹಿಂದೆ ನಡೆಯುವ ಈ ಪದ್ಧತಿಯೇ ಕನ್ನಡದ ಸುಗಮ ಸಂಗೀತಕ್ಕೆ ಒಂದು ಮರ್ಯಾದೆಯನ್ನು ತಂದಿತೆಂಬುದು ನಮ್ಮ ಎಣಿಕೆ.

ನಿಸಾರರು 1936ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿದವರು, ವೃತ್ತಿಯಿಂದ ಭೂವಿಜ್ಞಾನದ ಅಧ್ಯಾಪಕರು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿದ್ದಾಗ ಮಲೆನಾಡನ್ನು ಕಣ್ತುಂಬ ಕಂಡವರು. ಜೋಗವನ್ನೂ ತುಂಗೆಯನ್ನೂ ಕುರಿತು ಬರೆದ ಕವಿಗಳು ಎಷ್ಟೋ ಮಂದಿ. ನಾಡಗೀತದ ನಡುವೆ ಸಹ್ಯಾದ್ರಿಯ ಲೋಹದ ಅದಿರನ್ನು ತರಬೇಕಾದರೆ ಕಲ್ಲು ಮಣ್ಣುಗಳ ಶಾಸ್ತ್ರ ಓದಿದವರೇ ಆಗಬೇಕು! ಮನೆಯಲ್ಲಿ ಅವರಾಡುವ ಮಾತು ಉರ್ದು. ಮನೆಯೊಳಗೆ ತುಳುವನ್ನೋ ಕೊಂಕಣಿಯನ್ನೋ ಆಡಿ, ಬೀದಿಯಲ್ಲಿ ಮರಾಠಿ ಆಡಿ, ಸಂಘಕ್ಕೆ ಬಂದು ಕನ್ನಡಿಗರಾಗುವ ನಮ್ಮಂಥವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಿಸದು. ಆ ಸಹ್ಯಾದ್ರಿಯಾದರೂ ದೂರದ್ದೇನಲ್ಲ. ಕಲ್ಯಾಣ ದಾಟಿ ಕಸಾರಾ ಕಡೆಗೆ ಹೊರಟರೆ ಎದುರು ನಿಲ್ಲುವುದು ಅದೇ ಬೆಟ್ಟದ ಸಾಲು.

ಆಗಿನ್ನೂ ನವ್ಯದ ಬಿಸಿ ಆರಿರಲಿಲ್ಲ. ಗೋಪಾಲಕೃಷ್ಣ ಅಡಿಗರ ದಾರಿಯಲ್ಲಿ ಕಾವ್ಯವು ಹಾಡನ್ನು ಬಿಟ್ಟು ಮಾತಿನ ಲಯಕ್ಕೆ ಹೊರಳಿತ್ತು. ‘ಮನಸು ಗಾಂಧಿಬಜಾರು’ (1960) ಸಂಕಲನದಿಂದ ಮುಂದಕ್ಕೆ ನಿಸಾರರೂ ಆ ಮಾತಿನ ಧಾಟಿಯಲ್ಲಿ ಪಳಗಿದವರೇ. ಅಂಥವರು ಪ್ರತಿ ನುಡಿಯ ಕೊನೆಗೂ ಪಲ್ಲವಿ ಮರಳುವ ಪದ್ಯ ಬರೆದದ್ದು, ಅದು ಹಾಡಾಗಿ ಬೀದಿಗಿಳಿದದ್ದು, ಪಂಡಿತರಿಗೆ ರುಚಿಸುವ ಸಂಗತಿಯಾಗಿರಲಿಲ್ಲ. ಹಾಡಿದರೆ ಅರ್ಥ ತೆಳುವಾಗುತ್ತದೆಂಬ ಆಕ್ಷೇಪ ಇಂದಿಗೂ ಇದೆ, ಅದರಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೆ ಅನಂತಸ್ವಾಮಿಯವರ ಹಾಡಿಕೆಯನ್ನು ಕಿವಿಗೊಟ್ಟು ಕೇಳಿದವರಿಗೆ ಗೊತ್ತು: ಅವರು ರಾಗಕ್ಕಾಗಿ ಪದವನ್ನು ಮುರಿಯುವವರಲ್ಲ. ರಾಜರತ್ನಂ ಅವರ ‘ರತ್ನನ ಪದಗಳು’ ಇರಲಿ, ಕುವೆಂಪು ಇರಲಿ, ಮೊದಲು ಮಾತು ಕೇಳಬೇಕು, ಆಮೇಲೆ ಸ್ವರ. ಸಾವಿರ ಜನ ಒಟ್ಟಿಗೆ ಹಾಡಬಹುದಾದಷ್ಟು ಸರಳವಾಗಿ ಧಾಟಿ ಕಟ್ಟುವುದು ಸುಲಭದ ವಿದ್ಯೆಯಲ್ಲ.

ಈ ಕಡೆಗೆ ಕ್ಯಾಸೆಟ್ಟು ಬಂದದ್ದು ಅಂಗಡಿಯ ದಾರಿಯಿಂದ ಕಡಿಮೆ, ಚೀಲದೊಳಗಿಂದ ಹೆಚ್ಚು. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಅದಕ್ಕೆ ಮೊದಲು ಮಂಗಳೂರು ಉಡುಪಿಗಳಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬರುತ್ತಿದ್ದವರ ಗಂಟಿನಲ್ಲಿ ಹಪ್ಪಳ, ಕುಚ್ಚಲಕ್ಕಿಗಳ ಜೊತೆ ಒಂದೆರಡು ಕ್ಯಾಸೆಟ್ಟೂ ಇರುತ್ತಿತ್ತು. ಗಲ್ಫಿಗೆ ಹೋದ ಬಂಧುಗಳು ತಂದುಕೊಟ್ಟ ಟೂ-ಇನ್-ಒನ್ ಚಾಳಿನಲ್ಲಿ ಒಬ್ಬರ ಮನೆಯಲ್ಲಿದ್ದರೆ ಸಾಕು, ಉಳಿದವರು ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. ಒಂದರಿಂದ ಇನ್ನೊಂದಕ್ಕೆ ನಕಲು ಮಾಡಿಸಿದ್ದೆಷ್ಟೋ! ನಕಲಿನ ಜೊತೆ ಮೇಲುಕಾಗದ ಬರುತ್ತಿರಲಿಲ್ಲ. ಬಾಲ್‌ಪೆನ್ನಿನಿಂದ ಬರೆದ ‘ನಿತ್ಯೋತ್ಸವ’ ಎಂಬ ಒಂದು ಪದವೇ ಗುರುತು; ಕವಿಯ ಹೆಸರೂ ಇಲ್ಲ, ಸಂಯೋಜಕರ ಹೆಸರೂ ಇಲ್ಲ. ಹೀಗಾಗಿ ಹಾಡು ಗೊತ್ತಿದ್ದು ನಿಸಾರರು ಯಾರೆಂದು ತಿಳಿಯದವರು ನಮ್ಮ ಸಂಘಗಳಲ್ಲೇ ಇದ್ದರು. ಕವಿಗೂ ಕಂಪನಿಗೂ ಇದರಿಂದ ನಷ್ಟವೇ ಸರಿ. ಆದರೂ ಆ ನಕಲುಗಳು ಇಲ್ಲದಿದ್ದರೆ ಹಾಡು ಇಲ್ಲಿಯವರೆಗೆ ತಲಪುತ್ತಿತ್ತೇ ಎಂಬ ಪ್ರಶ್ನೆಯೂ ಉಳಿಯುತ್ತದೆ.

ಆ ಬಾಗಿಲು ತೆರೆದ ಮೇಲೆ ಧ್ವನಿಸುರುಳಿಗಳಿಗೆ ಬರವಿರಲಿಲ್ಲ. ಸಿ. ಅಶ್ವಥ್ ಅವರಿಂದಾಗಿ ಶರೀಫರ ಪದಗಳೂ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯೂ ಹಾಡಾಗಿ ಹರಡಿದವು. ಅನಂತಸ್ವಾಮಿಯವರು 1995ರಲ್ಲಿ ತೀರಿಕೊಂಡರು. ಕುವೆಂಪು ಅವರ ನಾಡಗೀತೆಗೆ ಅವರ ಧಾಟಿಯನ್ನೇ ಕರ್ನಾಟಕ ಸರಕಾರ 2022ರಲ್ಲಿ ಗೊತ್ತುಮಾಡಿತು, ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕೆಂಬ ಕಟ್ಟಳೆಯೊಡನೆ. ಸುತ್ತಿ ಬಳಸಿ ಮತ್ತೆ ಗ್ರಾಮಫೋನ್ ತಟ್ಟೆಯ ಅಳತೆಗೇ ಬಂದಂತಾಯಿತು! ನಿಸಾರರು 2020ರ ಮೇ 3ರಂದು ಕಣ್ಮರೆಯಾದರು.

ಕ್ಯಾಸೆಟ್ಟು ಹೋಯಿತು, ಹಾಡು ಈಗ ಮಕ್ಕಳ ಫೋನಿನಲ್ಲಿದೆ. ಇಂಗ್ಲಿಷ್, ಮರಾಠಿ ಶಾಲೆಗಳಲ್ಲಿ ಓದುವ ಈ ಮಕ್ಕಳಲ್ಲಿ ಎಷ್ಟೋ ಮಂದಿಗೆ ಕನ್ನಡ ಅಕ್ಷರ ಬಾರದು. ಪದ್ಯವನ್ನು ದೇವನಾಗರಿಯಲ್ಲಿ ಬರೆದುಕೊಂಡು ವೇದಿಕೆ ಹತ್ತುತ್ತಾರೆ. ಹೀಗೆ ಬರೆದುಕೊಡಲೇಬಾರದೆಂದು ಹಟ ಹಿಡಿಯುವ ಹಿರಿಯರಿದ್ದಾರೆ. ನಾವು ಆ ಪಕ್ಷದವರಲ್ಲ. ನಾವೂ ಅದನ್ನು ಕಿವಿಯಿಂದಲೇ ಕಲಿತವರು. ಮೊದಲ ನುಡಿಯನ್ನು ಮಕ್ಕಳು ಚೆನ್ನಾಗಿಯೇ ಹಾಡುತ್ತಾರೆ. ಎರಡನೆಯದರಲ್ಲಿ ಓಲೆಗರಿ ಬಂದಾಗ ತುಸು ತಡವರಿಸುತ್ತಾರೆ. ಓಲೆಗರಿ ಎಂದರೇನೆಂದು ಅಭ್ಯಾಸದ ಸಂಜೆಯೇ ಯಾರಾದರೂ ಹೇಳಿಕೊಟ್ಟರೆ ಅದಕ್ಕೆ ಐದು ನಿಮಿಷವೂ ಬೇಡ.