ಮೌನ ಬಂಗಾರವಾದಾಗ

ಕಾಲ್ಚೆಂಡಾಟದ ತರಬೇತುದಾರರಿಗೂ ಪತ್ರಿಕೆಗಳಿಗೂ ಎಣ್ಣೆ-ಸೀಗೇಕಾಯಿ ಸಂಬಂಧವೆಂಬುದನ್ನು ನಾವೆಲ್ಲ ಬಲ್ಲೆವು.

1982ರ ಸ್ಪೇನ್ ವಿಶ್ವಕಪ್ಪಿನಲ್ಲಿ ಇಟಲಿ ಮೊದಲ ಮೂರು ಪಂದ್ಯಗಳನ್ನೂ ಡ್ರಾ ಮಾಡಿಕೊಂಡಿತು. ಬಾಜಿ ಹಗರಣದಲ್ಲಿ ಎರಡು ವರ್ಷ ನಿಷೇಧ ಅನುಭವಿಸಿ ಬಂದಿದ್ದ ಪಾವ್ಲೊ ರೋಸಿಯನ್ನು ಆಡಿಸಿದ್ದಕ್ಕೆ ತರಬೇತುದಾರ ಎಂಜೊ ಬೇರ್ಜೊಟ್ ಅವರನ್ನು ಸ್ವದೇಶದ ಪತ್ರಿಕೆಗಳು ಹುರಿದು ಮುಕ್ಕಿದವು. ಟೀಕೆ ಆಟಗಾರರ ಖಾಸಗಿ ಬದುಕಿಗೂ ಇಳಿದಾಗ ತಂಡ ಪತ್ರಕರ್ತರೊಡನೆ ಮಾತೇ ಬಿಟ್ಟಿತು. ಮಿತಭಾಷಿ ನಾಯಕ ಡೀನೊ ಜೋಫ್ ಒಬ್ಬರೇ ಎಲ್ಲರ ಪರವಾಗಿ ಉತ್ತರಿಸುತ್ತಿದ್ದರು.

ಮುಂದೆ ಅರ್ಜೆಂಟೀನಾ ಸೋತಿತು. ಬ್ರೆಜಿಲ್ ವಿರುದ್ಧದ 3-2ರ ಗೆಲುವಿನಲ್ಲಿ ಇಟಲಿಯ ಮೂರೂ ಗೋಲು ರೋಸಿಯವೇ. ಜುಲೈ 11ರಂದು ಮ್ಯಾಡ್ರಿಡ್‌ನಲ್ಲಿ ಪಶ್ಚಿಮ ಜರ್ಮನಿಯನ್ನು 3-1ರಿಂದ ಮಣಿಸಿ ಕಪ್ ಗೆದ್ದಾಗ, ಬೈದ ಬಾಯಿಗಳೇ ಹೊಗಳಿದವು.

ಗೆದ್ದೆತ್ತಿನ ಬಾಲ ಹಿಡಿಯುವುದು ಸುಲಭ. ಲೇಖನಿ ಹಿಡಿದ ನಾವೂ ನೆನಪಿಡೋಣ: ಆಟವನ್ನು ಟೀಕಿಸುವ ಹಕ್ಕು ನಮಗುಂಟು, ಆಡುವವರ ಮಾನ ಕಳೆಯುವ ಹಕ್ಕಿಲ್ಲ.