ನಮ್ಮ ಶಾಲೆಯ ಹೆಸರಿಲ್ಲದ ಕ್ಯಾಮೆರಾ

ವಿಜ್ಞಾನ ಕೊಠಡಿಯ ಗಾಜಿನ ಬೀರುವಿನಲ್ಲಿದ್ದ ಮಡಿಸುವ ಕ್ಯಾಮೆರಾವನ್ನು ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಮುಚ್ಚಳ ತೆರೆದರೆ ಹಾರ್ಮೋನಿಯಂ ತಿದಿಯಂತೆ ಕಪ್ಪು ಮಡಿಕೆ ಮುಂದೆ ಬರುತ್ತದೆ. ಸುವರ್ಣ ಮಹೋತ್ಸವದ ಪ್ರದರ್ಶನದಲ್ಲಿ ಅದನ್ನು ಇಡುವುದೆಂದಾದಾಗ, ಚೀಟಿಯಲ್ಲಿ ಏನು ಬರೆಯಬೇಕೆಂಬ ಚರ್ಚೆ ಎದ್ದಿತು. 'ಲಾಲ್‌ಬಾಗಿನ ಕ್ರುಂಬಿಗಲ್ ಸಾಹೇಬರದು' ಎಂದು ಬರೆಯಿರಿ ಎಂದು ಕೆಲವರ ಒತ್ತಾಯ. ವಸ್ತು ಜರ್ಮನಿಯದು, ಲಾಲ್‌ಬಾಗು ನಮ್ಮ ಬಸವನಗುಡಿಯ ನೆರೆ. ಇಷ್ಟೇ ಆಧಾರ. 1865ರಲ್ಲಿ ಡ್ರೆಸ್ಡೆನ್ ಬಳಿ ಹುಟ್ಟಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡ ಆ ಮಹನೀಯರ ಋಣ ಈ ಊರಿನ ಮೇಲೆ ದೊಡ್ಡದು. ಹಾಗೆಂದು ಅವರು ಕೊಡದ ದಾನವನ್ನು ಅವರ ಹೆಸರಿಗೆ ಬರೆಯಲು ನನಗೆ ಮನಸ್ಸಾಗಲಿಲ್ಲ.

ಕ್ಯಾಮೆರಾದ ಮೈಮೇಲೆ ತಯಾರಕರ ಹೆಸರಿಲ್ಲ. ಅಂದು ಹೆಸರನ್ನು ಹೆಚ್ಚಾಗಿ ಹೊರಗಿನ ಚರ್ಮದ ಮೇಲೆ ಒತ್ತುತ್ತಿದ್ದರು. ನಮ್ಮದರಲ್ಲಿ ಚರ್ಮ ಹರಿದು, ಯಾರೋ ಪುಸ್ತಕದ ಬೈಂಡಿಂಗ್ ಬಟ್ಟೆ ಅಂಟಿಸಿದ್ದಾರೆ. ಲೆನ್ಸಿನ ಸುತ್ತ 'ಕಾಂಪೂರ್' ಎಂದಿದೆ. ಅದೇ ಕ್ಯಾಮೆರಾದ ಹೆಸರೆಂದು ಅನೇಕರು ತಿಳಿಯುತ್ತಾರೆ. ಕಾಂಪೂರ್ ಎಂಬುದು ಷಟರಿನ ಹೆಸರು. ಮ್ಯೂನಿಕ್‌ನ ಡೆಕೆಲ್ ಕಾರ್ಖಾನೆ 1912ರಿಂದ ಅದನ್ನು ಮಾಡಿ ಹತ್ತಾರು ಕ್ಯಾಮೆರಾ ಕಂಪನಿಗಳಿಗೆ ಒದಗಿಸುತ್ತಿತ್ತು. ಮೊದಲಿನವುಗಳಲ್ಲಿ ವೇಗ ಬದಲಿಸಲು ಮೇಲೊಂದು ಪುಟ್ಟ ಚಕ್ರವಿರುತ್ತಿತ್ತು. ನಮ್ಮದರಲ್ಲಿರುವಂತೆ ಅಂಚಿನ ಬಳೆಯನ್ನೇ ತಿರುಗಿಸುವ ರೀತಿ ಬಂದದ್ದು 1930ರ ಆಸುಪಾಸಿನಲ್ಲಿ. ಫ್ಲ್ಯಾಷ್ ತಂತಿ ಸಿಕ್ಕಿಸುವ ಜಾಗವಿಲ್ಲ. ಅದು ಎರಡನೇ ಮಹಾಯುದ್ಧದ ನಂತರ ಸಾಮಾನ್ಯವಾಯಿತು. ಹಾಗಾಗಿ ಇದು 1930ರ ದಶಕದ್ದು.

ದೂರದ ಅಳತೆ ಅಡಿಗಳಲ್ಲಿದೆ. ಜರ್ಮನಿಯೊಳಗೆ ಮಾರುವ ಕ್ಯಾಮೆರಾಗೆ ಮೀಟರ್ ಕೆತ್ತುತ್ತಿದ್ದರು. ಹಿಡಿಯ ಕೆಳಗೆ 'ಮೇಡ್ ಇನ್ ಜರ್ಮನಿ' ಎಂದು ಇಂಗ್ಲಿಷಿನಲ್ಲೇ ಇದೆ. ಬ್ರಿಟನ್ 1887ರ ಕಾಯ್ದೆಯಿಂದ ವಿದೇಶಿ ಸರಕಿನ ಮೇಲೆ ಹೀಗೆ ಬರೆಯಿಸಲು ತೊಡಗಿತ್ತು. ಅಂದರೆ ಇದು ಜರ್ಮನಿಯವರೊಬ್ಬರು ಊರಿನಿಂದ ಹೊತ್ತು ತಂದದ್ದಲ್ಲ, ರಫ್ತಿಗೆಂದೇ ಮಾಡಿದ್ದು. ಇಲ್ಲಿನ ಯಾರೇ ಆಗಲಿ ಅಂಗಡಿಯಲ್ಲಿ ಕೊಳ್ಳಬಹುದಾಗಿದ್ದ ವಸ್ತು.

ಹಾಗಾದರೆ ಯಾರು? ಉತ್ತರ ಸಿಕ್ಕಿದ್ದು ಆಫೀಸಿನ ಹಳೆಯ ಲಕೋಟೆಯಲ್ಲಿ. ಮೊದಲ ತಂಡದ ಗುಂಪು ಚಿತ್ರದ ನೆಗೆಟಿವ್ ಅದರಲ್ಲಿತ್ತು: ಆರು ಸೆಂಟಿಮೀಟರ್ ಅಗಲ, ಒಂಬತ್ತು ಉದ್ದ, 120ರ ರೋಲಿಗೆ ಎಂಟೇ ಚಿತ್ರ ಬರುವ ಅಳತೆ. ನಮ್ಮ ಕ್ಯಾಮೆರಾದ್ದೂ ಅದೇ. ಆ ಅಳತೆಯ ಕ್ಯಾಮೆರಾಗಳು ಬೇಕಾದಷ್ಟಿದ್ದವು, ಅದರಿಂದಲೇ ಏನೂ ತೀರ್ಮಾನವಾಗದು. ಆದರೆ ನಮ್ಮದರೊಳಗೆ ಫಿಲಂ ಕೂರುವ ಚೌಕಟ್ಟಿನ ಕೆಳ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕಚ್ಚಿದೆ. ಒಳಗೆ ಬಿಂಬ ತಲೆಕೆಳಗಾಗಿ ಬೀಳುವುದರಿಂದ ಅದರ ಗುರುತು ಚಿತ್ರದ ಮೇಲಂಚಿಗೆ ಬರಬೇಕು. ನೆಗೆಟಿವನ್ನು ಕಿಟಕಿಗೆ ಹಿಡಿದೆ. ಹುಡುಗರ ತಲೆಗಳ ಮೇಲೆ, ಸರಿಯಾಗಿ ಅದೇ ಜಾಗದಲ್ಲಿ, ಕಪ್ಪು ಹಲ್ಲಿನಂಥ ಗುರುತು!

ಆ ತಂಡದ ಹಿರಿಯರೊಬ್ಬರಿಗೆ ತೋರಿಸಿದಾಗ ನಕ್ಕುಬಿಟ್ಟರು. "ತೆಗೆದದ್ದು ನಮ್ಮ ಡ್ರಾಯಿಂಗ್ ಮೇಷ್ಟ್ರು ಕಣಪ್ಪಾ. ಅದಕ್ಕೇ ಎಲ್ಲ ಮೇಷ್ಟ್ರೂ ಇದ್ದಾರೆ, ಅವರೊಬ್ಬರೇ ಇಲ್ಲ."

ಚೀಟಿ ಈಗ ಹೀಗಿದೆ: 'ಮಡಿಸುವ ಕ್ಯಾಮೆರಾ, ಜರ್ಮನಿ, 1930ರ ದಶಕ. ನಮ್ಮ ಡ್ರಾಯಿಂಗ್ ಮೇಷ್ಟ್ರು ಇದರಿಂದ ಶಾಲೆಯ ಮೊದಲ ತಂಡದ ಚಿತ್ರ ತೆಗೆದರು.' ಗುಂಪು ಚಿತ್ರವನ್ನು ಪಕ್ಕದಲ್ಲೇ ಇಟ್ಟಿದ್ದೇವೆ, ಮೇಲಂಚು ಕತ್ತರಿಸದೆ.