ದೆಹಲಿಗೆ ಬಂದ ಕಲ್ಲುಗಳು

ದೆಹಲಿಗೆ ಹೋಗಿ ಬಂದವರನ್ನು ‘ಏನೇನು ನೋಡಿದಿರಿ?’ ಎಂದು ಕೇಳಿ ನೋಡಿ. ಕುತುಬ್ ಮಿನಾರ್, ಕೆಂಪು ಕೋಟೆ, ಹುಮಾಯೂನನ ಗೋರಿ, ಇಂಡಿಯಾ ಗೇಟ್, ಹೊತ್ತು ಉಳಿದಿದ್ದರೆ ಮ್ಯೂಸಿಯಂ ಎಂದು ಒಂದೇ ಉಸಿರಿನಲ್ಲಿ ಪಟ್ಟಿ ಒಪ್ಪಿಸುತ್ತಾರೆ. ಯಾವುದನ್ನು ಯಾರು ಕಟ್ಟಿಸಿದರು, ಎಷ್ಟು ಎತ್ತರ, ಯಾವ ಇಸವಿ ಎಂಬುದನ್ನೂ ಕೆಲವರು ಹೇಳಿಯಾರು. ಎರಡು ಮೂರು ದಿನಗಳ ಓಡಾಟದಲ್ಲಿ ಇಷ್ಟು ನೆನಪಿನಲ್ಲಿ ಉಳಿದರೆ ಅದೇನೂ ಕಡಮೆಯಲ್ಲ. ಆದರೆ ಆ ನಗರದಲ್ಲಿ ಕೇಳಬೇಕಾದ ಇನ್ನೊಂದು ಪ್ರಶ್ನೆ ಉಂಟು. ಅದನ್ನು ಕೇಳುವವರು ವಿರಳ. ‘ಇದು ಇಲ್ಲಿಗೆ ಎಲ್ಲಿಂದ ಬಂತು?’ ಎಂಬುದೇ ಆ ಪ್ರಶ್ನೆ.

ದೆಹಲಿಯಲ್ಲಿ ಹೆಸರಾದ ವಸ್ತುಗಳಲ್ಲಿ ಎಷ್ಟೋ ದೆಹಲಿಯಲ್ಲಿ ಹುಟ್ಟಿದವಲ್ಲ. ಒಬ್ಬ ಅರಸ ನಿಲ್ಲಿಸಿದ ಕಂಬವನ್ನು ಮತ್ತೊಬ್ಬ ಕಿತ್ತು ತಂದ. ಒಬ್ಬ ಸರದಾರನ ಗೋರಿಯ ಅಮೃತಶಿಲೆ ಇನ್ನೊಬ್ಬನ ಗೋರಿಗೆ ಹೋಯಿತು. ರಾಜಧಾನಿಯೆಂದಮೇಲೆ ಅಧಿಕಾರ ಬಂದು ನೆಲೆಸುತ್ತದೆ. ಅಧಿಕಾರದ ಬೆನ್ನು ಹತ್ತಿ ವಸ್ತುಗಳೂ ಬರುತ್ತವೆ, ಅಧಿಕಾರ ಹೋದಾಗ ಅವೂ ಹೊರಟುಹೋಗುತ್ತವೆ. ಈ ಬರುವ ಹೋಗುವ ಲೆಕ್ಕವನ್ನು ಹಿಡಿದು ನಗರವನ್ನು ಸುತ್ತಿದರೆ ನಿಮಗೆ ಇತಿಹಾಸ ಬೇರೆಯೇ ರೀತಿಯಲ್ಲಿ ಕಾಣುತ್ತದೆ.

ಮೊದಲು ನಗರದ ದಕ್ಷಿಣಕ್ಕಿರುವ ಮೆಹ್ರೌಲಿಗೆ ಹೋಗೋಣ. ೭೨.೫ ಮೀಟರ್ ಎತ್ತರದ ಕುತುಬ್ ಮಿನಾರನ್ನು ಕತ್ತೆತ್ತಿ ನೋಡಿದ ಮೇಲೆ ಪಕ್ಕದ ಮಸೀದಿಯ ಅಂಗಳಕ್ಕೆ ಬನ್ನಿ. ಸುತ್ತಲಿನ ಮೊಗಸಾಲೆಯ ಕಂಬಗಳಲ್ಲಿ ಗಂಟೆ, ಸರಪಣಿ, ಹೂಬಳ್ಳಿಗಳ ಕೆತ್ತನೆ ಇದೆ. ಇವು ದೇವಾಲಯಗಳ ಕಂಬಗಳೆಂದು ನಮ್ಮ ಕಣ್ಣಿಗೆ ಕೂಡಲೇ ಗೊತ್ತಾಗುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ. ಇಪ್ಪತ್ತೇಳು ದೇವಾಲಯಗಳ ಸಾಮಗ್ರಿಯನ್ನು ಬಳಸಿದುದಾಗಿ ಪೂರ್ವದ ಬಾಗಿಲ ಮೇಲಿನ ಶಾಸನವೇ ಹೇಳುತ್ತದೆ. ಹನ್ನೆರಡನೆಯ ಶತಮಾನದ ಕೊನೆಗೆ ಕುತ್ಬುದ್ದೀನ್ ಐಬಕ್ ಆರಂಭಿಸಿದ ಕಟ್ಟಡವಿದು.

ಅದೇ ಅಂಗಳದಲ್ಲಿ ಪ್ರಸಿದ್ಧವಾದ ಉಕ್ಕಡ ಕಬ್ಬಿಣದ ಸ್ತಂಭ ನಿಂತಿದೆ. ಎತ್ತರ ಏಳು ಮೀಟರಿಗಿಂತ ತುಸು ಹೆಚ್ಚು. ತೂಕ ಆರು ಟನ್ನಿಗೂ ಮಿಗಿಲು. ಸಾವಿರದ ಆರುನೂರು ವರ್ಷಗಳ ಮಳೆ ಬಿಸಿಲಿಗೆ ಒಡ್ಡಿಕೊಂಡರೂ ತುಕ್ಕು ಅದನ್ನು ತಿಂದಿಲ್ಲ. ಕಬ್ಬಿಣದಲ್ಲಿರುವ ರಂಜಕದ ಅಂಶದಿಂದ ಮೈಮೇಲೆ ತೆಳ್ಳನೆಯ ಪೊರೆಯೊಂದು ಕಟ್ಟಿ ಲೋಹವನ್ನು ಕಾಯುತ್ತದೆಂದು ಲೋಹಶಾಸ್ತ್ರಜ್ಞರು ತೋರಿಸಿದ್ದಾರೆ. ಬೆನ್ನನ್ನು ಕಂಬಕ್ಕೆ ಆನಿಸಿ ಎರಡು ಕೈಗಳಿಂದ ಅದನ್ನು ಹಿಂದಿನಿಂದ ತಬ್ಬಿದರೆ ಅದೃಷ್ಟ ಒಲಿಯುತ್ತದೆಂದು ಜನ ನಂಬಿದ್ದರು. ಆ ಕೈಗಳ ಉಜ್ಜಾಟದಿಂದ ಕಂಬ ಸವೆಯತೊಡಗಿದ್ದರಿಂದ ೧೯೯೭ರಲ್ಲಿ ಸುತ್ತ ಬೇಲಿ ಹಾಕಿದರು. ಆದರೆ ಕಂಬದ ಮೇಲಿನ ಸಂಸ್ಕೃತ ಶಾಸನವನ್ನು ನೆನೆಯಿರಿ. ‘ಚಂದ್ರ’ನೆಂಬ ಅರಸನು ವಿಷ್ಣುಪದವೆಂಬ ಗಿರಿಯಲ್ಲಿ ವಿಷ್ಣುವಿನ ಧ್ವಜವಾಗಿ ಇದನ್ನು ನಿಲ್ಲಿಸಿದನೆಂದು ಅದು ತಿಳಿಸುತ್ತದೆ. ಈ ಚಂದ್ರನು ಗುಪ್ತ ವಂಶದ ಎರಡನೆಯ ಚಂದ್ರಗುಪ್ತನೆಂಬುದು ಬಹುಮಂದಿ ವಿದ್ವಾಂಸರ ಮತ. ನಾವು ನಿಂತ ಅಂಗಳದಲ್ಲಿ ಗಿರಿಯೂ ಇಲ್ಲ, ವಿಷ್ಣುವಿನ ಗುಡಿಯೂ ಇಲ್ಲ. ಕಂಬ ಬೇರೆ ಊರಿನದು. ಶಾಸನವೇ ಅದಕ್ಕೆ ಸಾಕ್ಷಿ.

ಇನ್ನು ನಗರದ ಪೂರ್ವಕ್ಕೆ, ಯಮುನೆಯ ಕಡೆಗೆ ಬನ್ನಿ. ಫಿರೋಜ್ ಷಾ ಕೋಟ್ಲಾ ಎಂಬ ಹೆಸರನ್ನು ನೀವು ರೇಡಿಯೋದ ಕ್ರಿಕೆಟ್ ವೀಕ್ಷಕವಿವರಣೆಯಲ್ಲಿ ಕೇಳಿರಬಹುದು. ಆಟದ ಮೈದಾನದ ಪಕ್ಕದಲ್ಲೇ ಇರುವ ಹಾಳು ಕೋಟೆಗೆ ಹೋಗುವ ಪ್ರವಾಸಿಗಳು ಕಡಮೆ. ೧೩೫೧ರಿಂದ ೧೩೮೮ರ ವರೆಗೆ ಆಳಿದ ಫಿರೋಜ್ ಷಾ ತುಘಲಕನ ಹೊಸ ರಾಜಧಾನಿಯ ಅರಮನೆ ಇಲ್ಲಿತ್ತು. ಅಂತಸ್ತು ಅಂತಸ್ತಾಗಿ ಕಿರಿದಾಗುತ್ತ ಹೋಗುವ ಒಂದು ಕಟ್ಟಡದ ನೆತ್ತಿಯ ಮೇಲೆ, ನುಣುಪಾಗಿ ಹೊಳೆಯುವ ಒಂದೇ ಕಲ್ಲಿನ ಕಂಬವೊಂದು ಆಕಾಶಕ್ಕೆ ಮೊಗವೆತ್ತಿ ನಿಂತಿದೆ. ಉದ್ದ ಸುಮಾರು ೪೨ ಅಡಿ. ಅದು ಅಶೋಕನ ಸ್ತಂಭ.

ಈ ಸ್ತಂಭ ಇದ್ದುದು ಉತ್ತರದಲ್ಲಿ, ಈಗಿನ ಹರಿಯಾಣಕ್ಕೆ ಸೇರಿದ ತೋಪ್ರಾ ಎಂಬ ಹಳ್ಳಿಯಲ್ಲಿ. ಬೇಟೆಗೆಂದು ಆ ಕಡೆ ಹೋಗುತ್ತಿದ್ದ ಸುಲ್ತಾನನು ಇದನ್ನು ಕಂಡು ಬೆರಗಾಗಿ ರಾಜಧಾನಿಗೆ ತರಿಸಲು ಮನಸ್ಸು ಮಾಡಿದ. ತಂದ ಬಗೆಯನ್ನು ಷಂಸ್-ಇ-ಸಿರಾಜ್ ಅಫೀಫ್ ಎಂಬ ಇತಿಹಾಸಕಾರ ಬರೆದಿಟ್ಟಿದ್ದಾನೆ. ಕಂಬ ದೆಹಲಿಗೆ ಬಂದಾಗ ಅವನು ಹನ್ನೆರಡು ವರ್ಷದ ಬಾಲಕ. ಸುತ್ತಮುತ್ತಲಿನ ಜನರನ್ನೆಲ್ಲ ಕರೆಸಿ, ಬೂರುಗದ ಹತ್ತಿಯನ್ನು ಕಂಬದ ಬುಡದಲ್ಲಿ ರಾಶಿ ರಾಶಿ ಹರಡಿಸಿದರು. ಬುಡದ ಮಣ್ಣು ತೆಗೆಯುತ್ತಲೇ ಕಂಬ ಮೆಲ್ಲನೆ ಆ ಹತ್ತಿಯ ಹಾಸಿಗೆಯ ಮೇಲೆ ಒರಗಿತು. ಹತ್ತಿಯನ್ನು ಸ್ವಲ್ಪ ಸ್ವಲ್ಪವೇ ಎಳೆದು ತೆಗೆದಂತೆ ನೆಲಕ್ಕಿಳಿಯಿತು. ಅಡಿಯಿಂದ ಮುಡಿಯ ವರೆಗೆ ಜೊಂಡನ್ನೂ ಹಸಿಯ ತೊಗಲನ್ನೂ ಸುತ್ತಿ, ೪೨ ಗಾಲಿಗಳ ಬಂಡಿಯೊಂದನ್ನು ಮಾಡಿಸಿ ಅದರ ಮೇಲೇರಿಸಿದರು. ಒಂದೊಂದು ಗಾಲಿಗೆ ಒಂದೊಂದು ಹಗ್ಗ. ಒಂದೊಂದು ಹಗ್ಗಕ್ಕೆ ಇನ್ನೂರು ಆಳು. ಹೀಗೆ ಯಮುನೆಯ ದಡಕ್ಕೆ ಎಳೆದು ತಂದು, ದೊಡ್ಡ ದೋಣಿಗಳ ಮೇಲೆ ದೆಹಲಿಗೆ ತೇಲಿಸಿದರು.

ಸುಲ್ತಾನನಿಗೆ ಕಂಬದ ಮೈಮೇಲಿನ ಅಕ್ಷರಗಳನ್ನು ತಿಳಿಯುವ ಆಸೆಯಾಯಿತು. ಪಂಡಿತರನ್ನು ಕರೆಸಿದ. ಯಾರಿಗೂ ಓದಲು ಬರಲಿಲ್ಲ. ‘ಮುಂದೆ ಫಿರೋಜನೆಂಬ ಸುಲ್ತಾನ ಹುಟ್ಟಿ ಬರುವ ವರೆಗೆ ಈ ಕಂಬವನ್ನು ಯಾರೂ ಕದಲಿಸಲಾರರು’ ಎಂದು ಬರೆದಿದೆಯೆಂದು ಕೆಲವರು ಹೇಳಿದರಂತೆ! ಆಸ್ಥಾನದಲ್ಲಿ ಬದುಕುವ ವಿದ್ಯೆ ಬಲ್ಲವರು ಎಲ್ಲ ಕಾಲದಲ್ಲೂ ಇರುತ್ತಾರೆ.

ನಿಜವಾಗಿ ಅಲ್ಲಿ ಏನು ಬರೆದಿತ್ತು? ದಾರಿಗಳ ಬದಿಯಲ್ಲಿ ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ಆಲದ ಮರ ನೆಡಿಸಿದ್ದೇನೆ, ಮಾವಿನ ತೋಪು ಬೆಳೆಸಿದ್ದೇನೆ, ಬಾವಿ ತೋಡಿಸಿದ್ದೇನೆ ಎಂದು ಒಬ್ಬ ಅರಸನು ತನ್ನ ಜನರಿಗೆ ಲೆಕ್ಕ ಒಪ್ಪಿಸುತ್ತಿದ್ದ. ಈ ಧರ್ಮಲಿಪಿ ಬಹುಕಾಲ ಉಳಿಯಬೇಕು, ಆದುದರಿಂದ ಕಲ್ಲಿನ ಮೇಲೆ ಬರೆಯಿಸಬೇಕು ಎಂದೂ ಅವನು ಆಜ್ಞೆ ಮಾಡಿದ್ದ. ಕಲ್ಲು ಉಳಿಯಿತು, ಅಕ್ಷರವೂ ಅಳಿಯಲಿಲ್ಲ. ಓದುವವರು ಮಾತ್ರ ಇಲ್ಲವಾದರು. ಆ ಲಿಪಿಗೆ ಮತ್ತೆ ಬಾಯಿ ಬಂದುದು ೧೮೩೭ರಲ್ಲಿ. ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್, ಸಾಂಚಿಯ ಚಿಕ್ಕ ಚಿಕ್ಕ ಶಾಸನಗಳ ಕೊನೆಯಲ್ಲಿ ಪದೇ ಪದೇ ಬರುವ ಅಕ್ಷರಗಳನ್ನು ಗಮನಿಸಿ ಅದು ‘ದಾನಂ’ ಎಂಬ ಮಾತೆಂದು ಊಹಿಸಿದ. ಆ ಎಳೆಯನ್ನು ಹಿಡಿದು ಬ್ರಾಹ್ಮೀ ಲಿಪಿಯನ್ನೆಲ್ಲ ಬಿಡಿಸಿದ. ದೆಹಲಿಯ ಕಂಬವನ್ನೂ ಓದಿದ.

ಆದರೂ ಒಂದು ತೊಡಕು ಉಳಿಯಿತು. ಕಂಬದಲ್ಲಿ ಇದ್ದ ಹೆಸರು ‘ದೇವಾನಂಪಿಯ ಪಿಯದಸಿ’, ಅಂದರೆ ದೇವರಿಗೆ ಪ್ರಿಯನಾದ ಪ್ರಿಯದರ್ಶಿ. ಈ ಪ್ರಿಯದರ್ಶಿ ಯಾರು? ಸಿಂಹಳದ ಬೌದ್ಧ ಗ್ರಂಥಗಳ ಆಧಾರದಿಂದ ಇವನು ಅಶೋಕನೆಂದು ಜಾರ್ಜ್ ಟರ್ನರ್ ತೋರಿಸಿಕೊಟ್ಟ. ಅದು ಗ್ರಂಥದ ಸಾಕ್ಷಿ. ಕಲ್ಲಿನ ಸಾಕ್ಷಿ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ಎಲ್ಲಿ ಬಲ್ಲಿರಾ? ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಆಗ ಅದು ಹೈದರಾಬಾದ್ ಸಂಸ್ಥಾನದಲ್ಲಿತ್ತು. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಚಿತ್ರದುರ್ಗದ ಬ್ರಹ್ಮಗಿರಿಯ ಸುತ್ತ ಮೂರು ಕಡೆ ಅಶೋಕನ ಶಾಸನಗಳನ್ನು ಪತ್ತೆ ಮಾಡಿದ್ದರು. ಅವುಗಳಲ್ಲಿಯೂ ಹೆಸರಿರಲಿಲ್ಲ. ೧೯೧೫ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಮಸ್ಕಿಯ ಬೆಟ್ಟದ ಬಂಡೆಯೊಂದರ ಮೇಲೆ ಕಂಡ ಬರಹದಲ್ಲಿ ‘ದೇವಾನಂಪಿಯಸ ಅಸೋಕಸ’ ಎಂದು ಸ್ಪಷ್ಟವಾಗಿತ್ತು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳಗಳಲ್ಲಿ ಅದೇ ಹೆಸರು ಸಿಕ್ಕಿತು. ಸುಲ್ತಾನನು ಸಾವಿರಾರು ಜನರಿಂದ ಎಳೆಸಿ ತಂದ ಕಂಬದ ಒಡೆಯನ ಹೆಸರನ್ನು, ಇದ್ದಲ್ಲಿಯೇ ಇದ್ದ ನಮ್ಮ ಕಡೆಯ ಬಂಡೆಯೊಂದು ಹೇಳಿತು. ದೆಹಲಿಗೆ ಹೋದ ಕನ್ನಡಿಗರು ಕೋಟ್ಲಾವನ್ನು ನೋಡದೆ ಬರಬಾರದೆನ್ನುವುದು ಇದಕ್ಕೇ.

ಈಗಲೂ ಗುರುವಾರ ಗುರುವಾರ ಜನ ಆ ಹಾಳು ಕಟ್ಟಡಕ್ಕೆ ಬರುತ್ತಾರೆ. ಅಲ್ಲಿ ಜಿನ್ನುಗಳು ವಾಸವಾಗಿವೆಯೆಂಬ ನಂಬಿಕೆಯಿಂದ ದೀಪ ಹಚ್ಚಿ, ಕಷ್ಟಸುಖಗಳನ್ನು ಕಾಗದದಲ್ಲಿ ಬರೆದು ಗೂಡುಗಳಲ್ಲಿ ಇಟ್ಟು ಹೋಗುತ್ತಾರೆ.

ಫಿರೋಜ್ ಷಾ ಮೀರತ್‌ನಿಂದ ಇನ್ನೊಂದು ಅಶೋಕ ಸ್ತಂಭವನ್ನೂ ತರಿಸಿದ. ಅದು ನಗರದ ಉತ್ತರದ ದಿಣ್ಣೆಯ ಮೇಲಿದೆ. ಹದಿನೆಂಟನೆಯ ಶತಮಾನದಲ್ಲಿ ಮದ್ದಿನ ಮನೆ ಸಿಡಿದು ಐದು ತುಂಡಾಯಿತು. ೧೮೬೭ರಲ್ಲಿ ತುಂಡುಗಳನ್ನು ಜೋಡಿಸಿ ಮತ್ತೆ ನಿಲ್ಲಿಸಿದರು. ಕಂಬದ ಮೈಮೇಲೆ ಆ ಕೀಲುಗಳನ್ನು ಇಂದಿಗೂ ಕಾಣಬಹುದು.

ಹುಮಾಯೂನನ ಗೋರಿಯನ್ನು ನೋಡಲು ಹೋದಾಗ ಸಮೀಪದ ರಹೀಮನ ಗೋರಿಗೂ ಒಂದು ಗಳಿಗೆ ಬಿಡುವು ಮಾಡಿಕೊಳ್ಳಿ. ಅಬ್ದುಲ್ ರಹೀಂ ಖಾನ್-ಇ-ಖಾನಾನ್ ಅಕ್ಬರನ ಸೇನಾನಿ, ಹಿಂದಿಯ ದೋಹೆಗಳ ಕವಿ. ಹೆಂಡತಿಗಾಗಿ ಕಟ್ಟಿಸಿದ ಗೋರಿಯಲ್ಲಿ ೧೬೨೭ರಲ್ಲಿ ತಾನೂ ಮಣ್ಣಾದ. ನೂರಿಪ್ಪತ್ತೈದು ವರ್ಷ ಕಳೆಯುವ ಹೊತ್ತಿಗೆ ಮೊಗಲರ ಬೊಕ್ಕಸ ಬರಿದಾಗಿತ್ತು. ಅವಧದ ನವಾಬ ಸಫ್ದರ್‌ಜಂಗನಿಗೆ ಗೋರಿ ಕಟ್ಟಬೇಕಾದಾಗ ರಹೀಮನ ಗೋರಿಯ ಅಮೃತಶಿಲೆಯನ್ನೂ ಕೆಂಪು ಕಲ್ಲನ್ನೂ ಸುಲಿದು ಒಯ್ದರು. ಬಹುಕಾಲ ಇಟ್ಟಿಗೆ ಗಾರೆಯ ಬೋಳು ಗುಮ್ಮಟವಾಗಿ ನಿಂತಿದ್ದ ಆ ಗೋರಿಯ ಜೀರ್ಣೋದ್ಧಾರ ೨೦೨೦ರಲ್ಲಿ ಮುಗಿಯಿತು. ಗುಮ್ಮಟದ ಮೇಲೆ ಒಂದಷ್ಟು ಭಾಗಕ್ಕೆ ಅಮೃತಶಿಲೆ ಹೊದಿಸಿ, ಉಳಿದುದನ್ನು ಹಾಗೆಯೇ ಬಿಟ್ಟಿದ್ದಾರೆ. ಏನು ಹೋಯಿತೆಂಬುದು ನೋಡುವವರಿಗೆ ತಿಳಿಯಲೆಂದು ಹೀಗೆ ಮಾಡಿದುದು ಮೆಚ್ಚತಕ್ಕ ಕೆಲಸ.

ಕೆಂಪು ಕೋಟೆಯಲ್ಲಿ ಇರುವುದಕ್ಕಿಂತ ಇಲ್ಲದುದೇ ಹೆಚ್ಚು. ೧೬೩೯ರಿಂದ ೧೬೪೮ರ ವರೆಗೆ ಷಹಜಹಾನ್ ಕಟ್ಟಿಸಿದ ಈ ಕೋಟೆಯಿಂದ ಮಯೂರ ಸಿಂಹಾಸನವನ್ನು ೧೭೩೯ರಲ್ಲಿ ನಾದಿರ್ ಷಾ ಪರ್ಷಿಯಾಕ್ಕೆ ಹೊತ್ತೊಯ್ದ. ೧೮೫೭ರ ಅನಂತರ ಆಂಗ್ಲರು ಒಳಗಿನ ಅರಮನೆಯ ಬಹುಭಾಗವನ್ನು ಕೆಡವಿ ಸೈನಿಕರ ಬಿಡಾರ ಕಟ್ಟಿದರು. ದಿವಾನ್-ಇ-ಆಮ್‌ನಲ್ಲಿ ಸಿಂಹಾಸನದ ಹಿಂದಿನ ಗೋಡೆಯನ್ನು ನೋಡಿ. ಬಣ್ಣದ ಕಲ್ಲುಗಳನ್ನು ಕೂಡಿಸಿ ಮಾಡಿದ ಹಕ್ಕಿ, ಹೂಗಳ ಫಲಕಗಳಿವೆ. ಅವುಗಳಲ್ಲಿ ಕೆಲವು ಲಂಡನ್ನಿನ ಮ್ಯೂಸಿಯಮ್ಮಿಗೆ ಹೋಗಿದ್ದು, ಲಾರ್ಡ್ ಕರ್ಜನ್ ಪ್ರಯತ್ನದಿಂದ ಹಿಂದಿರುಗಿ ಬಂದವು. ಹೋದದ್ದು ತಿರುಗಿ ಬಂದ ಪ್ರಸಂಗ ಅಪರೂಪ, ಅದಕ್ಕಾಗಿ ನೆನಪಿಡಬೇಕು.

ಕೊನೆಗೆ ಜನಪಥದ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಅದು ಹುಟ್ಟಿದ್ದೂ ಒಂದು ಪ್ರಯಾಣದಿಂದಲೇ. ೧೯೪೭-೪೮ರ ಚಳಿಗಾಲದಲ್ಲಿ ಲಂಡನ್ನಿನಲ್ಲಿ ಭಾರತೀಯ ಕಲೆಯ ದೊಡ್ಡ ಪ್ರದರ್ಶನ ನಡೆಯಿತು. ದೇಶದ ನಾನಾ ಮ್ಯೂಸಿಯಮ್ಮುಗಳಿಂದ ಹೋದ ವಸ್ತುಗಳು ಮರಳಿ ಬಂದಾಗ, ತಮ್ಮ ತಮ್ಮ ಊರಿಗೆ ಚೆದರುವ ಮುನ್ನ ದೆಹಲಿಯಲ್ಲಿ ಅವನ್ನು ಪ್ರದರ್ಶಿಸಿದರು. ಅವು ಒಂದೆಡೆ ಇದ್ದರೆ ಚೆನ್ನೆಂಬ ಯೋಚನೆ ಆಗ ಬಂತು. ೧೯೪೯ರ ಆಗಸ್ಟ್ ೧೫ರಂದು ಈಗಿನ ರಾಷ್ಟ್ರಪತಿ ಭವನದಲ್ಲಿಯೇ ರಾಜಾಜಿಯವರು ಸಂಗ್ರಹಾಲಯವನ್ನು ಉದ್ಘಾಟಿಸಿದರು. ಜನಪಥದ ಕಟ್ಟಡ ತೆರೆದುದು ೧೯೬೦ರ ಡಿಸೆಂಬರಿನಲ್ಲಿ.

ಇಲ್ಲಿ ಸಿಂಧೂ ಕಣಿವೆಯ ಕೊಠಡಿಯನ್ನು ನಿಧಾನವಾಗಿ ನೋಡಿ. ಮೊಹೆಂಜೊದಾರೋವಿನ ಕಂಚಿನ ನರ್ತಕಿಯ ಎತ್ತರ ನಾಲ್ಕು ಅಂಗುಲಕ್ಕಿಂತ ಸ್ವಲ್ಪವೇ ಹೆಚ್ಚು. ಹುಡುಕಿ ನೋಡದಿದ್ದರೆ ತಪ್ಪಿಹೋದೀತು. ಹತ್ತಿರದಲ್ಲಿ ಅದೇ ಊರಿನ ಒಡವೆಗಳಿವೆ. ದೇಶ ಎರಡಾದಾಗ ಅಗೆತದಲ್ಲಿ ಸಿಕ್ಕಿದ ವಸ್ತುಗಳೂ ಎರಡು ಪಾಲಾದವು. ಸರವೊಂದರ ದಾರವನ್ನು ಬಿಚ್ಚಿ ಮಣಿಗಳನ್ನು ಅರ್ಧರ್ಧ ಹಂಚಿದರು. ಅಣ್ಣ ತಮ್ಮಂದಿರು ಮನೆ ಪಾಲಾದಾಗ ತಾಯಿಯ ಸರವನ್ನು ತುಂಡರಿಸಿಕೊಳ್ಳುವುದುಂಟಷ್ಟೆ. ನಾಲ್ಕೂವರೆ ಸಾವಿರ ವರ್ಷದ ಹಿಂದಿನ ಹೆಂಗಸೊಬ್ಬಳ ಒಡವೆಗೆ ೧೯೪೭ ಬಿಡಲಿಲ್ಲ.

ವಸ್ತುಗಳನ್ನು ರಾಜಧಾನಿಗೆ ತರುವ ಕಥೆ ಮುಗಿದಿದೆಯೆಂದು ತಿಳಿಯಬೇಡಿ. ಇಂಡಿಯಾ ಗೇಟಿನ ಹಿಂದಿನ ಕಲ್ಲಿನ ಮಂಟಪದಲ್ಲಿ ಐದನೆಯ ಜಾರ್ಜ್ ದೊರೆಯ ವಿಗ್ರಹವಿತ್ತು. ೧೯೬೮ರಲ್ಲಿ ಅದನ್ನು ತೆಗೆದರು. ಅದೀಗ ಊರ ಹೊರಗೆ, ದೊರೆಯ ದರ್ಬಾರು ನಡೆದ ಬಯಲಿನಲ್ಲಿದೆ. ಬಹುಕಾಲ ಬರಿದಾಗಿದ್ದ ಮಂಟಪದಲ್ಲಿ ೨೦೨೨ರ ಸೆಪ್ಟೆಂಬರಿನಲ್ಲಿ ನೇತಾಜಿ ಸುಭಾಷ್‌ಚಂದ್ರ ಬೋಸರ ೨೮ ಅಡಿಯ ವಿಗ್ರಹ ನಿಂತಿತು. ಅದನ್ನು ಕೆತ್ತಿದ ತಂಡದ ಮುಖ್ಯ ಶಿಲ್ಪಿ ಮೈಸೂರಿನ ಅರುಣ್ ಯೋಗಿರಾಜ್. ಕಲ್ಲು ಬಂದುದು ತೆಲಂಗಾಣದ ಖಮ್ಮಂನಿಂದ, ೧೬೬೫ ಕಿಲೋಮೀಟರ್ ದೂರ. ತೂಕ ೨೮೦ ಟನ್. ತಂದ ಲಾರಿಗೆ ೧೪೦ ಗಾಲಿ. ಫಿರೋಜ್ ಷಾನ ಬಂಡಿಗೆ ೪೨.

ಅಂತೂ ಕಲ್ಲುಗಳು ನಡೆಯುತ್ತಲೇ ಇವೆ. ಕೆಲವನ್ನು ಪ್ರೀತಿಯಿಂದ ತಂದರು, ಕೆಲವನ್ನು ಗೆದ್ದ ಹೆಮ್ಮೆಯಿಂದ, ಕೆಲವನ್ನು ಬೇರೆ ಕಲ್ಲು ಕೊಳ್ಳಲು ಹಣವಿಲ್ಲದೆ. ತಂದವರೆಲ್ಲ ಹೋದರು. ವಸ್ತುವೊಂದಿಗೆ ಅದರ ಊರಿನ ಹೆಸರೂ ಉಳಿದರೆ ಮುಂದೊಂದು ಕಾಲಕ್ಕೆ ಓದುವವರು ಬಂದಾರು. ಅದು ಅಳಿದರೆ ಉಳಿಯುವುದು ಬರಿಯ ಕಲ್ಲು. ಆದುದರಿಂದ ನೀವು ದೆಹಲಿಗೆ ಹೋದಾಗ ಸಂಗ್ರಹಾಲಯವೂ ಕೆಂಪು ಕೋಟೆಯೂ ಸೋಮವಾರ ಮುಚ್ಚಿರುತ್ತವೆಂಬುದನ್ನು ನೆನಪಿಟ್ಟುಕೊಂಡು ದಿನ ಗೊತ್ತುಮಾಡಿ. ಮಕ್ಕಳ ಕೈಯಲ್ಲೊಂದು ಪುಸ್ತಕ ಕೊಡಿ. ನೋಡಿದ ಒಂದೊಂದು ವಸ್ತುವಿನ ಮುಂದೆ ಅದು ಯಾವ ಊರಿನದೆಂದು ಬರೆದುಕೊಳ್ಳಲು ಹೇಳಿ. ಊರಿಗೆ ಮರಳಿದ ಮೇಲೆ, ಬಿಡುವಾದಾಗ ಒಂದು ದಿನ, ಅವರನ್ನು ಮಸ್ಕಿಯ ಬಂಡೆಯ ಬಳಿಗೂ ಕರೆದುಕೊಂಡು ಹೋಗಿ.